ಒಂದು ಮನೆಯ ಅಡಿಪಾಯ



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ದೂರದ ಅಮೇರಿಕಾದ ಒಂದು ಮನೆಯ ಅಡಿಪಾಯದ ಕಡೆಗೆ ತಮ್ಮ ಗಮನವನ್ನು ಸೆಳೆಯಬಯಸುತ್ತೇವೆ.

ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ಬಲಿಪೂಜೆಯನ್ನರ್ಪಿಸಲು ಕಥೋಲಿಕರಿಗೆ ಅವಕಾಶವಿರದಿದ್ದ ಕಾಲವದು. ಬಾಲ್ಟಿಮೋರ್ ಪ್ರಭುವೆಂಬ ಕಥೋಲಿಕ ಶ್ರೀಮಂತನ ಆಶ್ರಯದಲ್ಲಿ 1634ರಲ್ಲಿ ಮೇರಿಲ್ಯಾಂಡ್ ವಸಾಹತು ಆರಂಭವಾಯಿತು. ಅದರ ಮೊದಲ ರಾಜಧಾನಿ ಸೇಂಟ್ ಮೇರೀಸ್ ಸಿಟಿ. ಅಲ್ಲಿ ವಸಾಹತಿನ ಕಾರ್ಯದರ್ಶಿ ಜಾನ್ ಲ್ಯೂಗರ್ 1638ರಲ್ಲಿ ಕಟ್ಟಿಸಿದ ಮನೆಗೆ ಸೇಂಟ್ ಜಾನ್ಸ್ ಎಂದು ಹೆಸರು. ಪ್ರೊಟೆಸ್ಟಂಟ್ ಬೋಧಕನಾಗಿದ್ದು ಕಥೋಲಿಕನಾದ ಈತನು, ಪತ್ನಿಯ ಮರಣಾನಂತರ ಗುರುದೀಕ್ಷೆ ಪಡೆದು, 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ರೋಗಿಗಳ ಸೇವೆಯಲ್ಲಿ ಪ್ರಾಣತೆತ್ತನು.

ಮರದ ಗೋಡೆಗಳು ಎಂದೋ ಅಳಿದುಹೋದವು. 1970ರ ದಶಕದ ಉತ್ಖನನದಲ್ಲಿ ಕಲ್ಲಿನ ಅಡಿಪಾಯ, ನೆಲಮಾಳಿಗೆ, ಒಡೆದ ಮಣ್ಣಿನ ಪಾತ್ರೆಗಳು, ಹೊಗೆಕೊಳವೆಯ ತುಂಡುಗಳು ದೊರೆತವು. ಸುಮಾರು 52 ಅಡಿ ಉದ್ದ, 20 ಅಡಿ ಅಗಲದ ಆ ಮನೆಯಲ್ಲಿಯೇ ವಸಾಹತಿನ ಸಭೆಯೂ ಸೇರುತ್ತಿತ್ತು. 1648ರಲ್ಲಿ ಮಾರ್ಗರೇಟ್ ಬ್ರೆಂಟ್ ಎಂಬ ಕಥೋಲಿಕ ಮಹಿಳೆ ಅಲ್ಲಿ ಎದ್ದು ನಿಂತು, ತನಗೂ ಮತ ನೀಡುವ ಹಕ್ಕು ಬೇಕೆಂದು ಕೇಳಿದಳು. ಹಕ್ಕು ದೊರೆಯಲಿಲ್ಲ, ಆದರೆ ಆ ಬೇಡಿಕೆ ಸಭೆಯ ದಾಖಲೆಯಲ್ಲಿ ಉಳಿಯಿತು.

ಅದೇ ಮನೆಯ ಇನ್ನೊಂದು ನೆನಪು ಕರಾಳವಾದುದು. ಮನೆಯು ಸೈಮನ್ ಓವರ್‌ಜೀ ಎಂಬ ವರ್ತಕನ ವಶಕ್ಕೆ ಬಂದಮೇಲೆ, 1656ರಲ್ಲಿ ಆಂಟೋನಿಯೊ ಎಂಬ ಗುಲಾಮನು ದುಡಿಯಲೊಪ್ಪದೆ ಇದ್ದುದಕ್ಕಾಗಿ ಯಜಮಾನನ ಕ್ರೂರ ಶಿಕ್ಷೆಗೆ ಗುರಿಯಾಗಿ ಸತ್ತನು. ವಿಚಾರಣೆಯೇನೋ ನಡೆಯಿತು, ಯಜಮಾನನು ನಿರ್ದೋಷಿಯೆಂದು ಬಿಡುಗಡೆಯಾದನು. ಮಣ್ಣಿನಲ್ಲಿ ದೊರೆತ ಚೂರುಗಳ ಮೇಲೆ ಆಂಟೋನಿಯೊನ ಹೆಸರಿಲ್ಲ. ನ್ಯಾಯಾಲಯದ ಹಳೆಯ ಕಡತವೇ ಅದನ್ನು ಉಳಿಸಿಕೊಟ್ಟಿದೆ.

2008ರಲ್ಲಿ ಆ ಅಡಿಪಾಯದ ಮೇಲೆಯೇ ವಸ್ತುಸಂಗ್ರಹಾಲಯವೊಂದು ತೆರೆಯಿತು. ಲ್ಯೂಗರನ ಕಥೆಯ ಜೊತೆಗೇ ಮಾರ್ಗರೇಟಳ ಬೇಡಿಕೆಯನ್ನೂ ಆಂಟೋನಿಯೊನ ಮರಣವನ್ನೂ ಅಲ್ಲಿ ಹೇಳಲಾಗುತ್ತದೆ. ಧರ್ಮಸ್ವಾತಂತ್ರ್ಯವನ್ನು ಅರಸಿ ಬಂದವರ ನೆಲೆಯಲ್ಲಿಯೇ ಇನ್ನೊಬ್ಬ ಮನುಷ್ಯನಿಗೆ ಸ್ವಾತಂತ್ರ್ಯವಿರಲಿಲ್ಲವೆಂಬ ಸತ್ಯವನ್ನು ಅಲ್ಲಿ ಮರೆಮಾಡಿಲ್ಲ.

ಪ್ರಿಯರೇ, ಕಟ್ಟಡಕ್ಕೆ ಹಣವಿತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ಸುಲಭ. ಕಲ್ಲು ಹೊತ್ತವರ, ನೊಂದವರ, ಬಾಗಿಲ ಹೊರಗೇ ನಿಂತವರ ಹೆಸರನ್ನು ಹುಡುಕಿ ಬರೆಯುವುದು ಕಷ್ಟ. ದೇವರ ಮುಂದೆ ಈ ಇಬ್ಬರಿಗೂ ಒಂದೇ ಮರ್ಯಾದೆ. ನಮ್ಮ ನೂರು ವರ್ಷಗಳ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇಬ್ಬರನ್ನೂ ಸ್ಮರಿಸೋಣ. ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.