ಹಿತವಲ್ಲದ ಮಾತು

ಅಪ್ರಿಯವಾದ ಸತ್ಯವನ್ನು ನುಡಿಯುವವನ ಧೈರ್ಯವನ್ನು ಕುರಿತು ನಾವು ಸಾಕಷ್ಟು ಕೇಳಿದ್ದೇವೆ. ಅದನ್ನು ಕೇಳಿಸಿಕೊಳ್ಳಬೇಕಾದವನ ಮನಸ್ಸು ಹೇಗೆ ನಡೆಯುವುದೆಂಬುದನ್ನು ಅಷ್ಟಾಗಿ ವಿಚಾರಿಸಿದಂತಿಲ್ಲ. ಈ ಸಂಜೆ ನಡೆದ ಸಂಗತಿಯೊಂದನ್ನು ಮುಂದಿಟ್ಟುಕೊಂಡು ಅದನ್ನೇ ಸ್ವಲ್ಪ ನೋಡಬಯಸುವೆವು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವುವು. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳೂ ಅದೇ ಸೀಮೆಯವು. ನಾವು ಹೇಳಹೊರಟಿರುವ ಕಾಲದಲ್ಲಿ ಇದೆಲ್ಲವೂ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ಪಡುವಣ ಭಾಗ. ಅಂಚಿನಲ್ಲಿ ತುಂಗಭದ್ರೆ ಹರಿದರೂ ಹೊಲಗಳು ನೋಡುತ್ತಿದ್ದುದು ಆಕಾಶವನ್ನೇ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮುಂಗಾರೂ ಹಿಂಗಾರೂ ಕೈಬಿಟ್ಟುವು. ಜೋಳದ ಪೈರು ಒಣಗಿತು. ಬಳ್ಳಾರಿಯವರೆಗೆ ಉಗಿಬಂಡಿ ಬಂದಿದ್ದಿತು, ಕೊಟ್ಟೂರಿಗೆ ಇನ್ನೂ ಬಂದಿರಲಿಲ್ಲ. ಧಾನ್ಯವು ಎತ್ತಿನ ಗಾಡಿಯಲ್ಲಿ ಹೋಗಬೇಕು. ಎತ್ತಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಊರುಗಳನ್ನು ಬಿಟ್ಟ ಜನರು ಸರ್ಕಾರದವರು ತೆರೆದ ಪರಿಹಾರದ ಕಾಮಗಾರಿಗಳಿಗೆ ಬಂದು ಸೇರಿದರು.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ನರು ಸರ್ ರಿಚರ್ಡ್ ಟೆಂಪಲ್ಲರನ್ನು ಮದರಾಸಿಗೆ ಕಳುಹಿಸಿದರು. ಟೆಂಪಲ್ಲರು ಬರಕ್ಕೆ ಹೊಸಬರಲ್ಲ. 1874ರಲ್ಲಿ ಬಿಹಾರದಲ್ಲಿ ಬೆಳೆ ಕೆಟ್ಟಾಗ ಬರ್ಮಾದಿಂದ ಹೇರಳವಾಗಿ ಅಕ್ಕಿಯನ್ನು ತರಿಸಿ ಪರಿಹಾರವನ್ನು ನಡೆಸಿದವರಲ್ಲಿ ಅವರು ಪ್ರಮುಖರು. ಹಸಿವಿನಿಂದ ಸತ್ತವರು ಅತ್ಯಲ್ಪ. ಇದಕ್ಕಾಗಿ ಅವರಿಗೆ ದೊರೆತ ಬಹುಮಾನವೇನು? ಹಣವನ್ನು ನೀರಿನಂತೆ ಚೆಲ್ಲಿದರೆಂಬ ನಿಂದೆ. ಆ ನಿಂದೆಯನ್ನು ಟೆಂಪಲ್ಲರು ಚೆನ್ನಾಗಿ ಮನಸ್ಸಿಗೆ ಹಚ್ಚಿಕೊಂಡರು. ತಮ್ಮನ್ನು ತಿದ್ದಿಕೊಂಡರೆಂದೇ ಹೇಳಬೇಕು! ಮೂರು ವರ್ಷಗಳ ಮೇಲೆ ದಕ್ಷಿಣಕ್ಕೆ ಬಂದವರು ಬೇರೊಬ್ಬ ಮನುಷ್ಯರೇ ಆಗಿದ್ದರು. ಕಾಮಗಾರಿಯ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ. ಹೆಂಗಸಿಗೂ ಮಕ್ಕಳಿಗೂ ಅದಕ್ಕಿಂತ ಕಡಮೆ. ಒಂದು ಪೌಂಡು ಎಂದರೆ ಇಂದಿನ ಅಳತೆಯಲ್ಲಿ 450 ಗ್ರಾಮಿನಷ್ಟು. ಅದನ್ನುಂಡು ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು.

ಇಲ್ಲಿ ಎರಡನೆಯ ಮಾತು ಕೇಳಿಬಂದಿತು. ನುಡಿದವರು ಮದರಾಸಿನ ಆರೋಗ್ಯಾಧಿಕಾರಿ, ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್. ಈ ಆಧಿಪತ್ಯದ ಜನರು ಏನನ್ನು ಉಣ್ಣುತ್ತಾರೆ, ಎಷ್ಟನ್ನು ಉಣ್ಣುತ್ತಾರೆಂಬುದನ್ನು ಬರಕ್ಕೆ ಹತ್ತು ವರ್ಷಕ್ಕೂ ಹಿಂದೆಯೇ ವಿಚಾರಿಸಿ ವರದಿ ಬರೆದವರು ಅವರು. ದುಡಿಯುವ ಗಂಡಾಳಿಗೆ ಒಂದೂವರೆ ಪೌಂಡಿಗಿಂತ ಕಡಮೆಯಾದರೆ, ಅದರೊಡನೆ ಬೇಳೆ, ಕಾಯಿಪಲ್ಯೆಗಳಿಲ್ಲದಿದ್ದರೆ, ದೇಹವು ತನ್ನನ್ನೇ ತಿನ್ನತೊಡಗುವುದೆಂಬುದು ಅವರ ವಾದದ ಸಾರ. ಟೆಂಪಲ್ಲರಿಗೆ ಇದು ಪುಸ್ತಕದ ಮಾತಾಗಿ ತೋರಿತು. 1877ರ ಮಾರ್ಚಿಯಲ್ಲಿ ಇಬ್ಬರಿಗೂ ಬರೆಹದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಒಬ್ಬರ ಟಿಪ್ಪಣಿಗೆ ಮತ್ತೊಬ್ಬರ ಉತ್ತರ. ವೈದ್ಯರು ಸೌಮ್ಯವಾಗಿ ಬರೆಯಲಿಲ್ಲ.

ಕೇಳುಗರು ಗಮನಿಸಬೇಕಾದುದು ಇದು. ಟೆಂಪಲ್ಲರು ಟೀಕೆಗೆ ಕಿವುಡರಾಗಿರಲಿಲ್ಲ. ತಮ್ಮ ಮೇಲಿನವರ, ದೂರದವರ ಟೀಕೆಯನ್ನು ಅವರು ಅಕ್ಷರಶಃ ಪಾಲಿಸಿದರು. ಅದು ನೋವಿನ ಮಾತೇ, ಆದರೂ ನುಂಗಿದರು. ಅವರಿಗೆ ನುಂಗಲಾಗದೆ ಹೋದದ್ದು ಪಕ್ಕದಲ್ಲಿದ್ದು, ಕಣ್ಣಾರೆ ಕಂಡು ಹೇಳುತ್ತಿದ್ದವನ ಮಾತು. ಹಾಗಾದರೆ ಕಹಿಯಾದುದನ್ನು ಒಪ್ಪಿಕೊಳ್ಳುವುದಷ್ಟೇ ಗುಣವೆಂದು ಹೊಗಳುವುದು ಹೇಗೆ? ಬಡ್ತಿ ಕೊಡಬಲ್ಲವನ ಬೈಗುಳು ನಮಗೆ ಉಪದೇಶವಾಗಿ ಕೇಳಿಸುವುದು. ಏನನ್ನೂ ಕೊಡಲಾರದವನ ಉಪದೇಶವು ಬೈಗುಳಾಗಿ ಕೇಳಿಸುವುದು. ನಮ್ಮ ವೃತ್ತಿಯೂ ಇದಕ್ಕೆ ಹೊರತಲ್ಲ. ಪರೀಕ್ಷಾ ಮಂಡಲಿಯವರ ಟೀಕೆಯನ್ನು ಅಧ್ಯಾಪಕವರ್ಗವು ತಲೆಬಾಗಿ ಓದುತ್ತದೆ. ಹಿಂದಿನ ಬೆಂಚಿನ ಹುಡುಗನು ‘ಪಾಠ ತಿಳಿಯಲಿಲ್ಲ’ ಎಂದರೆ ಮೊದಲು ಸಂಶಯಕ್ಕೊಳಗಾಗುವುದು ಹುಡುಗನ ಬುದ್ಧಿ. ಪಾಠವು ತಿಳಿಯಲಿಲ್ಲವೆಂಬುದನ್ನು ಆ ಹುಡುಗನಲ್ಲದೆ ಮಂಡಲಿಯವರು ಬಲ್ಲರೇ?

ಟೆಂಪಲ್ಲರಿಗೆ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಅವರು ಕ್ರೂರಿಗಳಾಗಿರಲಿಲ್ಲ, ಬಿಹಾರವೇ ಅದಕ್ಕೆ ಸಾಕ್ಷಿ. ಪ್ರಾಣವನ್ನು ಉಳಿಸಬೇಕು, ದುಂದು ಕೂಡದು ಎಂಬ ಎರಡು ಅಪ್ಪಣೆಗಳನ್ನು ಅವರು ಹೊತ್ತು ಬಂದಿದ್ದರು. ಎರಡನೆಯದನ್ನು ಪಾಲಿಸಿದರೋ ಇಲ್ಲವೋ ಎಂಬುದು ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಮೊದಲನೆಯದು ಕಾಣುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಕಾರ್ನಿಷರ ಮಾತು ಪೂರ್ತಿ ವ್ಯರ್ಥವಾಗಲಿಲ್ಲ. ಅದೇ ವರ್ಷ ಮದರಾಸು ಸರ್ಕಾರದವರು ಒಂದು ಪೌಂಡನ್ನು ಒಂದೂಕಾಲಕ್ಕೆ ಏರಿಸಿ, ಸ್ವಲ್ಪ ಬೇಳೆಯನ್ನೂ ಸೇರಿಸಿದರು. ವೈದ್ಯರು ಕೇಳಿದ್ದಕ್ಕೆ ಇದು ಅರ್ಧ ದಾರಿ. ಈ ಅರ್ಧ ದಾರಿಯನ್ನು ನಾವು ಹಗುರವಾಗಿ ಕಾಣಲಾರೆವು. ವೈಸರಾಯರು ಕಳುಹಿಸಿದ ದೊಡ್ಡ ಅಧಿಕಾರಿಯು ಗೊತ್ತುಮಾಡಿದ ಕೂಲಿಯನ್ನು, ತಮ್ಮ ಕೈಕೆಳಗಿನ ವೈದ್ಯನೊಬ್ಬನ ಮಾತಿನ ಮೇಲೆ ಬದಲಾಯಿಸುವುದು ಆ ಕಾಲದ ಮದರಾಸಿಗೆ ಸುಲಭದ ಕಾರ್ಯವಾಗಿರಲಿಲ್ಲ. ಇತಿಹಾಸದಲ್ಲಿ ಹೇಳಿದವನ ಹೆಸರು ಉಳಿದಷ್ಟು ಕೇಳಿದವರ ಹೆಸರು ಉಳಿಯುವುದಿಲ್ಲ.

ಟೆಂಪಲ್ಲರು 1877ರಲ್ಲಿಯೇ ಮುಂಬಯಿಯ ಗವರ್ನರರಾಗಿ ಹೋದರು. ಬರವು ಈಶ್ವರ ಸಂವತ್ಸರಕ್ಕೂ ಮುಂದುವರಿಯಿತು. ಹಸಿದ ಶರೀರಗಳಿಗೆ ವಾಂತಿಭೇದಿಯೂ ಜ್ವರವೂ ತಗುಲಿದುವು. ಸತ್ತವರೆಲ್ಲರನ್ನೂ ಕೂಲಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಊರು ಬಿಟ್ಟು ಹೋಗಿ ಹಿಂದಿರುಗದವರೂ ಉಂಟು.

ಮದರಾಸು ಆಧಿಪತ್ಯದ 1871ರ ಜನಗಣತಿಯ ವರದಿಯನ್ನು ಬರೆದವರೂ ಇದೇ ಕಾರ್ನಿಷರು. ಬಳ್ಳಾರಿಯ ತಾಲ್ಲೂಕುಗಳ ಮನೆ, ಜನ, ಗಂಡು, ಹೆಣ್ಣು, ಎಲ್ಲವೂ ಅವರ ಕೋಷ್ಟಕಗಳಲ್ಲಿ ಇದ್ದುವು. ಹತ್ತು ವರ್ಷಗಳ ಮೇಲೆ, 1881ರಲ್ಲಿ, ಮತ್ತೆ ಎಣಿಸಿದಾಗ ಆ ಜಿಲ್ಲೆಯಲ್ಲಿ ಐದು ಮಂದಿಯಿದ್ದೆಡೆಯಲ್ಲಿ ಸುಮಾರು ನಾಲ್ವರು ಉಳಿದಿದ್ದರು.