ಐವತ್ತು ಪದಗಳ ಬೇಲಿ



ಗಡಿ ತಾಲೂಕಿನ ನಾವು ಎಲ್ಲಿಂದಲೋ ವಲಸೆ ಬಂದವರಲ್ಲ. ಇದ್ದಲ್ಲೇ ಇದ್ದೆವು, ನಕ್ಷೆಯ ಗೆರೆ ಬದಲಾಯ್ತು. ಆದರೂ ಇವತ್ತು ಒಂದು ವಲಸೆಯ ಕತೆ ಹೇಳ್ತೀವಿ. ಯಾಕಂದ್ರೆ ಅದರಲ್ಲಿ ಭಾಷೆಯನ್ನೇ ಬೇಲಿ ಮಾಡಿದ್ದರು.

1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟವಾಯ್ತು. ಅದೇ ವರ್ಷ ವಲಸೆ ನಿರ್ಬಂಧ ಕಾಯ್ದೆ ಬಂತು. ಉದ್ದೇಶ, ಬಿಳಿಯರಲ್ಲದವರನ್ನು ಹೊರಗಿಡೋದು. ಆದರೆ ಕಾಯ್ದೆಯಲ್ಲಿ ಹಾಗೆ ಬರೆಯಲಿಲ್ಲ. ಬರೆದರೆ ಬ್ರಿಟನ್ನಿಗೆ ಮುಜುಗರ: ಭಾರತೀಯರೂ ಅದೇ ಸಾಮ್ರಾಜ್ಯದ ಪ್ರಜೆಗಳು, ಜಪಾನನ್ನೂ ಕೆರಳಿಸುವಂತಿರಲಿಲ್ಲ. ಅದಕ್ಕೆ ಉಕ್ತಲೇಖನದ ಪರೀಕ್ಷೆ ಇಟ್ಟರು. ಅಧಿಕಾರಿ ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ 50 ಪದ ಹೇಳ್ತಾನೆ, ಬಂದವರು ಬರೆಯಬೇಕು. ಭಾಷೆ ಆರಿಸೋದು ಅಧಿಕಾರಿಯೇ. ಇಂಗ್ಲಿಷ್ ಬರುತ್ತೆ ಅಂದ್ರೆ ಬೇರೆ ಭಾಷೆ! 1909ರ ನಂತರ ಒಬ್ಬರೂ ಪಾಸಾಗಲಿಲ್ಲ.

1934ರಲ್ಲಿ ನಾಜಿ ವಿರೋಧಿ ಪತ್ರಕರ್ತ ಎಗಾನ್ ಕಿಶ್ ಬಂದರು. ಹಲವು ಭಾಷೆ ಬಲ್ಲವರು. ಅವರಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟರು. ಕೊನೆಗೆ ಅಲ್ಲಿನ ಹೈಕೋರ್ಟೇ ಇದು ಕಾಯ್ದೆ ಹೇಳುವ ಯುರೋಪಿಯನ್ ಭಾಷೆಯಲ್ಲ ಅಂತ ತೀರ್ಪು ಕೊಡಬೇಕಾಯ್ತು.

ಮನಸ್ಸು ಬದಲಾಗಿದ್ದು ಹೇಗೆ? 1942ರಲ್ಲಿ ಡಾರ್ವಿನ್ ಮೇಲೆ ಜಪಾನಿನ ಬಾಂಬು ಬಿತ್ತು. ಇಷ್ಟು ದೊಡ್ಡ ದೇಶಕ್ಕೆ ಜನ ಸಾಲದು ಅನ್ನೋ ಭಯ ಹುಟ್ಟಿತು. ಯುದ್ಧದ ನಂತರ ಕಾರ್ಖಾನೆಗಳಿಗೆ ಕೈಗಳು ಬೇಕಾದವು. ಮೊದಲು ಯುರೋಪಿನ ನಿರಾಶ್ರಿತರನ್ನು ಕರೆದರು. 1958ರಲ್ಲಿ ಆ ಪರೀಕ್ಷೆ ಹೋಯ್ತು. 1960ರಲ್ಲಿ ಮೆಲ್ಬರ್ನ್‌ನ ಒಂದು ಸಣ್ಣ ಗುಂಪು, ಈ ವರ್ಣಭೇದ ಬಿಡಿ ಅಂತ ಕಿರುಪುಸ್ತಕ ಹೊರತಂದಿತು. 1966ರಲ್ಲಿ ವಿದ್ಯೆ, ಕೌಶಲ ಇರುವ ಏಷ್ಯಾದವರಿಗೆ ಬಾಗಿಲು ಸ್ವಲ್ಪ ತೆರೆಯಿತು. 1973ರಲ್ಲಿ ವಿಟ್ಲಮ್ ಸರ್ಕಾರ ಬಣ್ಣದ ಲೆಕ್ಕವನ್ನೇ ತೆಗೆದುಹಾಕಿತು. 2021ರ ಜನಗಣತಿ ಪ್ರಕಾರ ಅಲ್ಲಿ ಭಾರತದಲ್ಲಿ ಹುಟ್ಟಿದವರೇ 6.7 ಲಕ್ಷ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕನ್ನಡ ಸಂಘಗಳಿವೆ.

ಈಗಲೂ ಅಲ್ಲಿನ ಎಷ್ಟೋ ವೀಸಾಗಳಿಗೆ ಇಂಗ್ಲಿಷ್ ಪರೀಕ್ಷೆ ಇದೆ. ಆದರೆ ಯಾವ ಭಾಷೆ, ಎಷ್ಟು ಅಂಕ ಅಂತ ಮೊದಲೇ ಗೊತ್ತು, ತಯಾರಾಗಬಹುದು. ಅಂದಿನದಕ್ಕೆ ತಯಾರಾಗೋಕೆ ಆಗ್ತಾನೇ ಇರಲಿಲ್ಲ.

ಬ್ಯಾಂಕ್ ಕೌಂಟರಿನಲ್ಲಿ ಕೂರೋ ನಮಗೆ ಗೊತ್ತು, ಫಾರ್ಮಿನ ಒಂದು ಸಾಲು ಎಷ್ಟು ಜನರನ್ನು ವಾಪಸ್ ಕಳಿಸಬಲ್ಲದು ಅಂತ. ಹಾಗಾಗಿ ಉದ್ಯೋಗವಿರಲಿ, ಕಾಲೇಜಿರಲಿ, ವೀಸಾ ಇರಲಿ, ಭಾಷೆಯ ಷರತ್ತು ಕಂಡಾಗ ಎರಡು ಪ್ರಶ್ನೆ ಕೇಳಿ. ಆ ಕೆಲಸಕ್ಕೆ ಈ ಭಾಷೆ ನಿಜಕ್ಕೂ ಬೇಕಾ? ಕಲಿತು ಬಂದರೆ ಒಳಗೆ ಬಿಡ್ತಾರಾ? ಎರಡಕ್ಕೂ ಹೌದು ಅಂದ್ರೆ ಕೂತು ಕಲಿಯೋಣ. ಇಲ್ಲ ಅಂದ್ರೆ ಲಿಖಿತವಾಗಿ ಕಾರಣ ಕೇಳೋಣ.