ಹಿತ್ತಿಲಲ್ಲಿ ರಸಬಾಳೆ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಹಿತ್ತಿಲ ತೋಟವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಸೋರೆ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದನ್ನು, ಬದನೆ ಸಸಿ ನೆಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಯಂಚಿಗೆ ನುಗ್ಗೆ, ಬಾಗಿಲ ಬಳಿ ಮಲ್ಲಿಗೆ ಇವು ನಮ್ಮ ಸೀಮೆಯ ಮನೆಗಳಲ್ಲಿ ಹಿಂದಿನಿಂದಲೂ ಬಂದವು. ಈಗ ಮೈಸೂರಿನಂಥ ಪಟ್ಟಣದವರೂ ತಾರಸಿಯ ಮೇಲೆ ಚೀಲಗಳಲ್ಲಿ ಮಣ್ಣು ತುಂಬಿ ಸೊಪ್ಪು ತರಕಾರಿ ಬೆಳೆಯುತ್ತಿದ್ದಾರೆ. ಅವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ನೆಲ ನಮ್ಮದು, ರಸಬಾಳೆಯ ಹೆಸರೂ ನಮ್ಮದು. ಆ ರಸಬಾಳೆ ಉಳಿಯಬೇಕಾದರೆ ನಮ್ಮ ಹಿತ್ತಿಲುಗಳು ಮಾಡಬೇಕಾದ ಕೆಲಸ ಏನೆಂಬುದೇ ಇಂದಿನ ವಿಷಯ.

ನಂಜನಗೂಡು ಎಂದೊಡನೆ ಹೊರಗಿನವರಿಗೆ ಶ್ರೀಕಂಠೇಶ್ವರನ ಗುಡಿ ನೆನಪಾಗುವಂತೆ ರಸಬಾಳೆಯೂ ನೆನಪಾಗುತ್ತದೆ. ತೆಳುವಾದ ಸಿಪ್ಪೆ, ಮನೆ ತುಂಬುವ ಸುವಾಸನೆ, ಬಾಯಲ್ಲಿ ಕರಗುವ ತಿರುಳು ಅದರ ಗುಣ. ದೇವರಸನಹಳ್ಳಿಯ ಸುತ್ತಮುತ್ತಲ ಮಣ್ಣು ಈ ಬಾಳೆಗೆ ಹೆಸರಾದದ್ದು. ೨೦೦೫-೦೬ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಎಂದರೆ, ಬೇರೆ ಸೀಮೆಯಲ್ಲಿ ಬೆಳೆದ ಹಣ್ಣನ್ನು ಈ ಹೆಸರಿನಿಂದ ಮಾರುವಂತಿಲ್ಲ. ಹೀಗೆ ಹೆಸರಿಗೆ ಕಾನೂನಿನ ರಕ್ಷಣೆ ಬಂದಿತು. ಗಿಡವನ್ನು ರಕ್ಷಿಸುವ ಹೊಣೆ ಬೆಳೆಯುವವರ ಮೇಲೆಯೇ ಉಳಿಯಿತು.

ಒಂದು ಕಾಲಕ್ಕೆ ತೋಟ ತೋಟವೇ ಇದ್ದ ಬಾಳೆ ಇಷ್ಟು ವಿರಳವಾಗಲು ಮುಖ್ಯ ಕಾರಣ ಪನಾಮ ಸೊರಗು ರೋಗ. ಇದು ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಬುಡದಲ್ಲಿ ನೀರಿದ್ದರೂ ಗಿಡ ಬಾಯಾರಿದಂತೆ ಸೊರಗುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು ಕಾಂಡದ ಸುತ್ತ ಜೋತುಬೀಳುತ್ತವೆ. ಬುಡದ ಹತ್ತಿರ ಕಾಂಡ ಸೀಳುವುದೂ ಉಂಟು. ಗಡ್ಡೆಯನ್ನು ಕಡಿದು ನೋಡಿದರೆ ಒಳಗೆ ಕೆಂಪು ಕಂದು ಬಣ್ಣದ ಗೆರೆಗಳು ಕಾಣುತ್ತವೆ. ಅಷ್ಟು ಕಂಡಮೇಲೆ ಆ ಗಿಡಕ್ಕೆ ಔಷಧವಿಲ್ಲ. ಶಿಲೀಂಧ್ರವು ಆ ಮಣ್ಣಿನಲ್ಲಿ ಹಲವು ದಶಕಗಳವರೆಗೆ ಬದುಕಿರಬಲ್ಲದು.

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಮಧ್ಯ ಅಮೆರಿಕದ ದೇಶಗಳಲ್ಲಿ ಗ್ರೋ ಮಿಷೆಲ್ ಎಂಬ ಬಾಳೆಯನ್ನು ದೊಡ್ಡ ದೊಡ್ಡ ಕಂಪನಿಗಳು ಸಾವಿರಾರು ಎಕರೆಗಳಲ್ಲಿ ಬೆಳೆದು ಹಡಗುಗಳಲ್ಲಿ ಕಳುಹಿಸುತ್ತಿದ್ದವು. ೧೯೬೦ರ ದಶಕ ಮುಗಿಯುವ ಹೊತ್ತಿಗೆ ಇದೇ ರೋಗದಿಂದ ಆ ವ್ಯಾಪಾರವೇ ಅಳಿದು, ಕ್ಯಾವೆಂಡಿಷ್ ಜಾತಿಗೆ ಎಡೆಮಾಡಿಕೊಟ್ಟಿತು. ನಮ್ಮ ಪಚ್ಚಬಾಳೆಯೂ ಅದೇ ಗುಂಪಿನದು. ಅಷ್ಟೊಂದು ಹಣವಿದ್ದ ಕಂಪನಿಗಳಿಂದಲೂ ರೋಗ ಹೊಕ್ಕ ಮಣ್ಣನ್ನು ಶುದ್ಧಮಾಡಲು ಆಗಲಿಲ್ಲ. ಆದುದರಿಂದ ರೋಗ ಇಲ್ಲದ ಮಣ್ಣನ್ನು ರೋಗ ಬಾರದಂತೆ ಕಾಯುವುದೇ ಜಾಣತನ.

ಅಂಥ ಮಣ್ಣು ಎಲ್ಲಿದೆ? ಎಷ್ಟೋ ಮನೆಗಳ ಹಿತ್ತಿಲುಗಳಲ್ಲಿದೆ. ಬಾಳೆಯನ್ನೇ ಕಾಣದ ಹಿತ್ತಿಲು, ಕಾಲುವೆಯ ನೀರು ಹರಿಯದ ಹಿತ್ತಿಲು ಇವು ಬಹಳ ಬೆಲೆಯುಳ್ಳವು. ಕಬಿನಿ ಅಣೆಕಟ್ಟು ೧೯೭೪ರಲ್ಲಿ ಮುಗಿದ ಮೇಲೆ ಕಾಲುವೆಯ ನೀರು ಹೊಲಗಳಿಗೆ ಸಮೃದ್ಧಿ ತಂದಿತು. ಆದರೆ ಹೊಲದಿಂದ ಹೊಲಕ್ಕೆ ಹರಿಯುವ ನೀರು ಮಣ್ಣನ್ನೂ ಹೊತ್ತೊಯ್ಯುತ್ತದೆ, ಮಣ್ಣಿನೊಡನೆ ರೋಗವೂ ಹೋಗುತ್ತದೆ. ಹಿತ್ತಿಲು ಆ ದಾರಿಯಿಂದ ಹೊರಗಿದೆ. ಅಲ್ಲಿನ ಎರಡು ಮೂರು ಗಿಡಗಳನ್ನು ಮನೆಯವರು ದಿನವೂ ನೋಡುತ್ತಿರುತ್ತಾರೆ.

ಈಗ ಮಾಡಬೇಕಾದ ಕ್ರಮವನ್ನು ಹೇಳುತ್ತೇನೆ.

೧. ಸಸಿ: ಅಂಗಾಂಶ ಕೃಷಿಯಿಂದ, ಎಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ರಸಬಾಳೆ ಸಸಿಯನ್ನೇ ತನ್ನಿ. ಎಲ್ಲಿ ದೊರೆಯುವುದೆಂದು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಅಥವಾ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಈ ಸಸಿ ರೋಗವನ್ನು ಹೊತ್ತು ತರುವುದಿಲ್ಲ. ಹಾಗೆಂದು ಅದಕ್ಕೆ ರೋಗ ತಗುಲುವುದೇ ಇಲ್ಲವೆಂದು ತಿಳಿಯಬೇಡಿ. ಕೆಟ್ಟ ಮಣ್ಣಿನಲ್ಲಿ ನೆಟ್ಟರೆ ಅದೂ ಸಾಯುತ್ತದೆ.

೨. ಗುಂಡಿ: ನೀರು ನಿಲ್ಲದ ಜಾಗದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಗಿಡದಿಂದ ಗಿಡಕ್ಕೆ ಏಳು ಅಡಿಗೆ ಕಡಿಮೆಯಾಗದಿರಲಿ. ಜಾಗವಿದ್ದರೆ ಹಿತ್ತಿಲ ಒಂದೊಂದು ಮೂಲೆಗೆ ಒಂದೊಂದು ಗಿಡ ನೆಡುವುದು ಇನ್ನೂ ಮೇಲು.

೩. ಗೊಬ್ಬರ: ಚೆನ್ನಾಗಿ ಕಳಿತ ೧೦೦ ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ ೧ ಕೆ.ಜಿ. ಟ್ರೈಕೋಡರ್ಮ ಪುಡಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು ಗೋಣಿತಾಟು ಹೊದಿಸಿ ಎರಡು ವಾರ ಬಿಡಿ. ಟ್ರೈಕೋಡರ್ಮವೂ ಒಂದು ಶಿಲೀಂಧ್ರವೇ. ಆದರೆ ಅದು ರೋಗದ ಶಿಲೀಂಧ್ರಕ್ಕೆ ಎದುರಾಳಿ. ಈ ಗೊಬ್ಬರದಲ್ಲಿ ೧೦ ಕೆ.ಜಿ.ಯಷ್ಟನ್ನು ಮತ್ತು ಒಂದೆರಡು ಹಿಡಿ ಬೇವಿನ ಹಿಂಡಿಯನ್ನು ಗುಂಡಿಗೆ ಹಾಕಿ. ಉಳಿದದ್ದು ತರಕಾರಿ ಪಾತಿಗಳಿಗೆ ಆಗುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದೇ ಕಡೆ ತಯಾರಿಸಿಕೊಂಡರೆ ಖರ್ಚು ಉಳಿಯುತ್ತದೆ.

೪. ನೀರು: ಬಚ್ಚಲ ನೀರು ಬುಡದಲ್ಲಿ ಮಡುಗಟ್ಟಬಾರದು. ಜಲ್ಲಿ ಮರಳು ತುಂಬಿದ ಸಣ್ಣ ಕಾಲುವೆಯ ಮೂಲಕ ಹಾಯಿಸಿ. ಬಟ್ಟೆ ಒಗೆದ ಸೋಪಿನ ನೀರು ಬೇಡ.

೫. ಬುಡ: ಬಾಳೆಯ ಬುಡವನ್ನು ಮೇಲಿಂದ ಮೇಲೆ ಅಗೆಯಬೇಡಿ. ಬೇರಿಗಾದ ಗಾಯವೇ ರೋಗಕ್ಕೆ ಬಾಗಿಲು. ತರಗು, ಒಣಹುಲ್ಲು ಹರಡಿದರೆ ಕಳೆಯೂ ಏಳದು, ತೇವವೂ ಉಳಿಯುವುದು. ಸುತ್ತಲೂ ಚೆಂಡುಹೂವಿನ ಗಿಡ ಹಾಕಿ. ಬೇರು ತಿನ್ನುವ ಜಂತುಹುಳುಗಳನ್ನು ಅದು ಕಡಿಮೆ ಮಾಡುತ್ತದೆ, ಹಬ್ಬಕ್ಕೆ ಹೂವನ್ನೂ ಕೊಡುತ್ತದೆ. ಬದನೆ, ಟೊಮ್ಯಾಟೊ ಗಿಡಗಳಿಗೆ ಈ ಹುಳು ಬೇಗ ಹತ್ತುವುದರಿಂದ ಅವನ್ನು ಬಾಳೆಯಿಂದ ದೂರವಿಡಿ.

೬. ಸಲಕರಣೆ: ಹೊಲದಲ್ಲಿ ಬಳಸಿದ ಗುದ್ದಲಿಯನ್ನು ಹಾಗೆಯೇ ಹಿತ್ತಿಲಿಗೆ ತರಬಾರದು. ಮಣ್ಣು ತೊಳೆದು, ಕುದಿಯುವ ನೀರು ಹಾಕಿ, ಬಿಸಿಲಿಗಿಡಿ. ಹಿತ್ತಿಲಿಗೆಂದೇ ಒಂದು ಹಳೆಯ ಗುದ್ದಲಿ ಇದ್ದರೆ ಒಳ್ಳೆಯದು. ಚಪ್ಪಲಿಗೆ ಹತ್ತಿದ ಮಣ್ಣಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಇನ್ನು ಕೊನೆಯ ಮಾತು ಸ್ವಲ್ಪ ಕಹಿಯಾಗಿ ತೋರಬಹುದು. ನೆರೆಯವರ ಮನೆಯ ಬಾಳೆ ಚೆನ್ನಾಗಿದ್ದರೆ ಒಂದು ಕಂದು ಕೇಳುವುದು, ಕೇಳಿದವರಿಗೆ ಇಲ್ಲವೆನ್ನದೆ ಕೊಡುವುದು ನಮ್ಮ ಹಳ್ಳಿಗಳ ಒಳ್ಳೆಯ ನಡತೆ. ತವರಿಗೆ ಬಂದ ಮಗಳ ಕೈಗೂ ಕಂದನ್ನು ಕೊಟ್ಟು ಕಳುಹಿಸುತ್ತೇವೆ. ಆದರೆ ರೋಗ ಊರಿಂದ ಊರಿಗೆ ನಡೆಯುವ ಹೆದ್ದಾರಿ ಅದೇ. ರೋಗ ತಗುಲಿದ ತಾಯಿಯ ಕಂದು ಮೊದಮೊದಲು ಹಸಿರಾಗಿಯೇ ಇರುತ್ತದೆ. ಕೊಟ್ಟವರಿಗೂ ತಿಳಿಯದು, ಪಡೆದವರಿಗೂ ತಿಳಿಯದು. ಆದುದರಿಂದ ರಸಬಾಳೆಯ ಕಂದನ್ನು ಕೊಡುವುದೂ ಬೇಡ, ಕೇಳುವುದೂ ಬೇಡ. ಗೊನೆ ಬಿಟ್ಟ ಮೇಲೆ ಕತ್ತಿಯಂತೆ ಕಿರಿದಾದ ಎಲೆಯುಳ್ಳ ಒಂದೇ ಕಂದನ್ನು ಅದೇ ಜಾಗದಲ್ಲಿ ಬೆಳೆಯಲು ಬಿಟ್ಟು, ಉಳಿದವನ್ನು ನೆಲಮಟ್ಟಕ್ಕೆ ಕೊಯ್ದುಹಾಕಿ. ಕೊಡುವ ಮನಸ್ಸಿಗೆ ಬೇರೆ ದಾರಿಗಳಿವೆ. ಹಣ್ಣಿನ ಒಂದು ಚಿಪ್ಪು ಕೊಡಿ. ಅವರೆ, ಹೀರೆ, ಪಡವಲ, ದಂಟಿನ ಬೀಜ ಕೊಡಿ.

ಒಂದು ವೇಳೆ ಗಿಡ ಸೊರಗಿದರೆ ಮುಚ್ಚಿಡಬೇಡಿ. ಅದನ್ನು ತಿಪ್ಪೆಗೆ ಎಳೆಯಬೇಡಿ, ಕಾಲುವೆಗೆ ಎಸೆಯಬೇಡಿ. ಗಡ್ಡೆಸಹಿತ ಕಿತ್ತು ಅಲ್ಲಿಯೇ ಒಣಗಿಸಿ ಸುಟ್ಟು, ಗುಂಡಿಗೆ ಸುಣ್ಣ ಹಾಕಿ ಮುಚ್ಚಿ. ಆ ಸ್ಥಳದಲ್ಲಿ ಮತ್ತೆ ಬಾಳೆ ನೆಡದೆ ನುಗ್ಗೆ ಅಥವಾ ಕರಿಬೇವು ನೆಡಿ. ಅಕ್ಕಪಕ್ಕದ ಮನೆಗಳಿಗೂ ತಿಳಿಸಿ. ಒಬ್ಬರು ಹೇಳಿದರೆ ಹತ್ತು ಮನೆಯ ಗಿಡ ಉಳಿದೀತು.

ನೆಟ್ಟ ಸಸಿ ಗೊನೆ ಬಲಿತು ಕೊಯ್ಲಿಗೆ ಬರಲು ಸುಮಾರು ಹದಿಮೂರು ಹದಿನಾಲ್ಕು ತಿಂಗಳು ಬೇಕು. ಈ ಮುಂಗಾರಿನಲ್ಲಿ ನೆಟ್ಟವರು ಮುಂದಿನ ವರ್ಷದ ಶ್ರಾವಣ, ಭಾದ್ರಪದದ ಹೊತ್ತಿಗೆ ಹಣ್ಣು ಕಾಣಬಹುದು. ಊರಿಗೆ ಹತ್ತು ಮನೆ, ಮನೆಗೆ ಎರಡು ಗಿಡ ಎಂದು ಮೊದಲುಮಾಡೋಣ. ಸ್ತ್ರೀಶಕ್ತಿ ಸಂಘದ ತಾಯಂದಿರು ಯಾರ ಮನೆಯಲ್ಲಿ ಎಂದು ನೆಟ್ಟರು, ಗಿಡ ಹೇಗಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ನಮ್ಮ ಊರಿನ ಹೆಸರು ಹೊತ್ತ ಹಣ್ಣಿನ ರುಚಿ ನಮ್ಮ ಮಕ್ಕಳಿಗೂ ತಿಳಿದಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.